ಶಾಸ್ತ್ರದಾನ ಮತ್ತು ಚಂದಾಹಣ

2025ರ ಮುಂಗಾರು ಇನ್ನೂ ಹಿಡಿದಿರಲಿಲ್ಲ. ಒಂದು ದಿನ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರಿಂದ ದೂರವಾಣಿ ಕರೆ ಬಂತು. ಬಯಲುಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಅವರು ಕನ್ನಡ ಅಧ್ಯಾಪಕರು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಸ್ವಲ್ಪ ಸಂಕೋಚದಿಂದಲೇ ಕೇಳಿದರು: "ಸರ್, ನಮ್ಮೂರ ಕೆರೆ ಏರಿ ಮೇಲಿನ ಕಲ್ಲಿನ ಬಗ್ಗೆ ತಾವು ಬರೆದ ಲೇಖನ ತಮ್ಮ ಹತ್ತಿರ ಇದೆಯೇ? ಅಂತರಜಾಲದಲ್ಲಿ ಹುಡುಕಿದೆ, ಹೆಸರು ಸಿಕ್ಕಿತು. ಆದರೆ ಓದಬೇಕಾದರೆ ಮೂರು ಸಾವಿರ ರೂಪಾಯಿಗೂ ಮೇಲೆ ಕೇಳುತ್ತಿದೆ."

ಆ ಕಲ್ಲಿನ ಕಥೆಯನ್ನು ಮೊದಲು ಹೇಳಬೇಕು. 1998ರ ಬೇಸಿಗೆಯಲ್ಲಿ ನಾನು ಆ ಹಳ್ಳಿಗೆ ಹೋಗಿದ್ದೆ. ಅದೊಂದು ನಿಸಿದಿಗಲ್ಲು. ಸಲ್ಲೇಖನ ವ್ರತ ಹಿಡಿದು ದೇಹತ್ಯಾಗ ಮಾಡಿದ ಜೈನ ಮುನಿಗಳ, ಶ್ರಾವಕ ಶ್ರಾವಕಿಯರ ನೆನಪಿಗಾಗಿ ನಿಲ್ಲಿಸುತ್ತಿದ್ದ ಇಂಥ ಕಲ್ಲುಗಳು ಕನ್ನಡನಾಡಿನಲ್ಲಿ ಹೇರಳವಾಗಿವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದವರಿಗೆ ಇದನ್ನು ಹೇಳಬೇಕಾದ್ದಿಲ್ಲ. ಆದರೆ ಈ ಕಲ್ಲು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಸೇರಿರಲಿಲ್ಲ. ಅರ್ಧ ಮಣ್ಣಿನಲ್ಲಿ ಹೂತುಹೋಗಿತ್ತು. ಊರಿನ ನಾಲ್ವರು ಹಾರೆ ಗುದ್ದಲಿ ತಂದು ಬುಡವನ್ನು ಬಿಡಿಸಿಕೊಟ್ಟರು. ವಯಸ್ಸಾದ ತಾಯಿಯೊಬ್ಬರು ಕೊಡದಲ್ಲಿ ನೀರು ತಂದು, ತೆಂಗಿನ ನಾರು ಹಿಡಿದು, ಮನೆಯ ಪಾತ್ರೆ ಬೆಳಗುವಂತೆ ಕಲ್ಲನ್ನು ಬೆಳಗಿದರು. "ಏನು ಬರದೈತೆ ಸ್ವಾಮಿ, ನಿಧಿ ಗಿಧಿ ಏನಾರ?" ಎಂದು ಯಾರೋ ಕೇಳಿದರು. ಸೀಮೆಸುಣ್ಣದ ಪುಡಿಯನ್ನು ಅಕ್ಷರಗಳ ಮೇಲೆ ಉಜ್ಜಿ ಓದುತ್ತ ಹೋದೆ. ಹದಿನಾಲ್ಕು ಸಾಲು, ಅಕ್ಷರದ ಬಟ್ಟಿನಿಂದ ಹೇಳುವುದಾದರೆ ಹನ್ನೊಂದನೆಯ ಶತಮಾನದ್ದು. ವ್ರತ ಹಿಡಿದು ತೀರಿಕೊಂಡವಳು ಒಬ್ಬ ಹೆಣ್ಣುಮಗಳು. ಆಕೆಯ ಹೆಸರು, ಆಕೆ ಯಾವ ಗುರುವಿನ ಗುಡ್ಡಿ, ಎಂದರೆ ಶಿಷ್ಯೆ, ಕಲ್ಲನ್ನು ನಿಲ್ಲಿಸಿದವನು ಯಾರು ಎಂಬುದೆಲ್ಲ ಕೊನೆಯ ಮೂರು ಸಾಲುಗಳಲ್ಲಿತ್ತು. ನಿಲ್ಲಿಸಿದವನು ಆಕೆಯ ಮಗ. ಊರವರಿಗೆ ಓದಿ ಹೇಳಿದೆ. ಆ ತಾಯಿ ಕಲ್ಲಿಗೆ ಕೈಮುಗಿದು, "ಮಗ ಒಳ್ಳೇನು" ಎಂದರು. ಶಾಸನಗಳ ಮೇಲೆ ನಾನು ಕೇಳಿರುವ ವ್ಯಾಖ್ಯಾನಗಳಲ್ಲಿ ಅದಕ್ಕಿಂತ ಚೊಕ್ಕವಾದದ್ದು ಕಡಮೆ.

ಊರಿನ ಹೆಸರನ್ನು ನಾನು ಬೇಕೆಂದೇ ಹೇಳುತ್ತಿಲ್ಲ. ಹಳೆಯ ಕಲ್ಲಿನ ಸುದ್ದಿ ಹೊರಬಿದ್ದರೆ ನಮ್ಮಲ್ಲಿ ಮೊದಲು ಬರುವವರು ವಿದ್ವಾಂಸರಲ್ಲ, ನಿಧಿ ಅಗೆಯುವವರು.

ಆ ಕಲ್ಲನ್ನೂ ಸುತ್ತಮುತ್ತಲಿನ ಇನ್ನು ಕೆಲವನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಒಂದು ಲೇಖನ ಬರೆದೆ. ಕನ್ನಡದ ಕಲ್ಲು, ಕನ್ನಡದ ಊರು, ಬರೆಯುವವನು ಕನ್ನಡದ ಅಧ್ಯಾಪಕ. ಆದರೂ ಇಂಗ್ಲಿಷಿನಲ್ಲಿ ಏಕೆ ಎಂದು ನೀವು ಕೇಳಬಹುದು. ಬಡ್ತಿಯ ಅರ್ಜಿಯಲ್ಲಿ ಹೊರದೇಶದ ಪತ್ರಿಕೆಯ ಹೆಸರಿಗೆ ಇದ್ದ ತೂಕ ಕನ್ನಡ ಪತ್ರಿಕೆಗೆ ಇರಲಿಲ್ಲ ಎಂಬುದೇ ಉತ್ತರ. ಬೇರೆ ಘನವಾದ ಕಾರಣ ಇದ್ದಂತೆ ಈಗ ನಟಿಸಲಾರೆ. 2001ರಲ್ಲಿ ಲೇಖನ ಅಚ್ಚಾಯಿತು. ಅದಕ್ಕೆ ಮುಂಚೆ ಪ್ರಕಾಶಕರಿಂದ ಒಂದು ಕರಾರುಪತ್ರ ಬಂದಿತ್ತು. ಮುದ್ರಣದ ಹಕ್ಕು, ಮರುಮುದ್ರಣದ ಹಕ್ಕು, ಅನುವಾದದ ಹಕ್ಕು, ಮುಂದೆ ಹುಟ್ಟಬಹುದಾದ ಯಾವುದೇ ಮಾಧ್ಯಮದಲ್ಲಿ ಪ್ರಕಟಿಸುವ ಹಕ್ಕು, ಎಲ್ಲವನ್ನೂ ಅವರಿಗೆ ಒಪ್ಪಿಸಿದ್ದೇನೆ ಎಂದು ಅದರಲ್ಲಿತ್ತು. ಓದಲಿಲ್ಲ, ಸಂತೋಷದಲ್ಲಿ ರುಜು ಹಾಕಿದೆ. ಸಂಭಾವನೆಯ ಮಾತು ಇರಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ. ಲೇಖನದ ಇಪ್ಪತ್ತೈದು ಬಿಡಿ ಪ್ರತಿಗಳನ್ನು ಕಳಿಸಿಕೊಟ್ಟರು. ಅವನ್ನು ದೊಡ್ಡ ದೊಡ್ಡ ಪ್ರಾಧ್ಯಾಪಕರಿಗೆ ವಿನಯಪೂರ್ವಕವಾಗಿ ಅಂಚೆಯಲ್ಲಿ ಕಳಿಸಿದೆ. ಹಾರೆ ಹಿಡಿದವರಿಗೆ ಒಂದು ಪ್ರತಿಯೂ ಹೋಗಲಿಲ್ಲ. ಇಂಗ್ಲಿಷ್ ಲೇಖನದಿಂದ ಅವರಿಗೇನು ಪ್ರಯೋಜನ ಎಂದುಕೊಂಡಿದ್ದೆ.

ಇಪ್ಪತ್ತನಾಲ್ಕು ವರ್ಷಗಳ ಮೇಲೆ ಪ್ರಯೋಜನ ಒದಗಿತು. ಕೆರೆ ಏರಿಯನ್ನು ಅಗಲಮಾಡುವ ಕಾಮಗಾರಿ ಮಂಜೂರಾಗಿತ್ತು. ಗುತ್ತಿಗೆದಾರರ ಯಂತ್ರ ವಾರದೊಳಗೆ ಬರಲಿತ್ತು. ಅದು ಬರಿಯ ಚಪ್ಪಡಿಯಲ್ಲ, ಹೀಗೆ ಹೀಗೆ ಬರೆದಿದೆ, ಜೋಪಾನವಾಗಿ ತೆಗೆದು ಬೇರೆ ಕಡೆ ನಿಲ್ಲಿಸಬೇಕು ಎಂದು ಪಂಚಾಯತಿಗೆ ಅರ್ಜಿ ಕೊಡಲು ಆ ಅಧ್ಯಾಪಕರಿಗೆ ಅಚ್ಚಾದ ಒಂದು ಆಧಾರ ಬೇಕಾಗಿತ್ತು. ನಮ್ಮ ಕಚೇರಿಗಳಲ್ಲಿ ಕಲ್ಲಿನ ಮೇಲೆ ಬರೆದದ್ದಕ್ಕಿಂತ ಕಾಗದದ ಮೇಲೆ ಬರೆದದ್ದಕ್ಕೆ ಬೆಲೆ ಹೆಚ್ಚು.

ನಾನು ಮನೆಯನ್ನೆಲ್ಲ ಜಾಲಾಡಿದೆ. ಆ ಕಾಲದ ಟಿಪ್ಪಣಿ ಪುಸ್ತಕ ಗೆದ್ದಲಿನ ಪಾಲಾಗಿ ಎಷ್ಟೋ ಕಾಲವಾಗಿತ್ತು. ಕಲ್ಲಿನಿಂದ ತೆಗೆದ ಪಡಿಯಚ್ಚನ್ನು ಕೆಲಸ ಮಾಡುತ್ತಿದ್ದ ಕಾಲೇಜಿಗೆ ಕೊಟ್ಟಿದ್ದೆ. ಅಲ್ಲಿ ಸೋರುವ ಮಾಡಿನ ಕೆಳಗೆ ಅದು ಕರಗಿತ್ತು. ಬಿಡಿ ಪ್ರತಿ ಒಂದೂ ಉಳಿದಿರಲಿಲ್ಲ. ಕಾಲೇಜಿನ ಗ್ರಂಥಾಲಯದ ಮೂಲಕ ಹೊರದೇಶದ ಪತ್ರಿಕೆಗಳನ್ನು ಗಣಕಯಂತ್ರದಲ್ಲಿ ತೆರೆಯಲು ನನಗೆ ಒಂದು ಪಾಸ್‌ವರ್ಡ್ ಇತ್ತು. 2022ರಲ್ಲಿ ನಿವೃತ್ತನಾದಾಗ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಬೀಳ್ಕೊಟ್ಟರು. ಒಂದು ವಾರದ ಮೇಲೆ ನೋಡಿದರೆ ಪಾಸ್‌ವರ್ಡ್ ಕೆಲಸ ಮಾಡುತ್ತಿರಲಿಲ್ಲ. ಅದು ನಿಯಮ, ಯಾರ ಮೇಲೂ ದೂರಿಲ್ಲ. ಆದರೆ ಓದುವುದಕ್ಕೆ ನಿಜವಾಗಿ ಬಿಡುವು ದೊರೆಯುವ ವಯಸ್ಸಿಗೆ ಸರಿಯಾಗಿ ಪುಸ್ತಕದ ಬಾಗಿಲು ಮುಚ್ಚುವುದರಲ್ಲಿ ಏನೋ ವಿನೋದವಿದೆ.

ವಿದ್ವತ್ ಪತ್ರಿಕೆಗಳ ಲೋಕದ ಪರಿಚಯವಿಲ್ಲದ ಕೇಳುಗರಿಗೆ ಇಲ್ಲಿನ ವ್ಯವಹಾರ ಒಗಟಾಗಿ ತೋರೀತು. ಕಥೆ ಬರೆದವರಿಗೆ ಪತ್ರಿಕೆಯವರು ಸಂಭಾವನೆ ಕೊಡುತ್ತಾರೆ. ಸಂಶೋಧನ ಲೇಖನ ಬರೆದವರಿಗೆ ಕೊಡುವುದಿಲ್ಲ. ಬಂದ ಲೇಖನ ಪ್ರಕಟಣೆಗೆ ಯೋಗ್ಯವೇ ಎಂದು ಓದಿ ಹೇಳುವ ವಿದ್ವಾಂಸರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಬರೆಯುವವರ ಸಂಬಳ, ಪ್ರಯೋಗಶಾಲೆಯ ಖರ್ಚು, ನನ್ನಂಥವನ ಬಸ್ಸಿನ ಚೀಟಿ, ಇವೆಲ್ಲ ಬಹುಮಟ್ಟಿಗೆ ಸರ್ಕಾರದ, ಎಂದರೆ ತೆರಿಗೆ ಕೊಡುವ ಜನರ ಹಣ. ಹೀಗೆ ಸಿದ್ಧವಾದ ಲೇಖನವನ್ನು ಪ್ರಕಾಶಕರು ಪಡೆದು, ಅದೇ ವಿಶ್ವವಿದ್ಯಾಲಯಗಳಿಗೆ ಚಂದಾ ಹಣಕ್ಕೆ ಮಾರುತ್ತಾರೆ. ಹಾಲು ಕರೆದುಕೊಟ್ಟವರೇ ಮಜ್ಜಿಗೆಗೆ ದುಡ್ಡು ಕೊಡುವ ಏರ್ಪಾಡು ಇದು. ಪ್ರಕಾಶಕರಿಗೆ ಖರ್ಚೇ ಇಲ್ಲವೆಂದಲ್ಲ. ಕರಡು ತಿದ್ದುವುದು, ಪುಟ ಕಟ್ಟುವುದು, ಹಳೆಯ ಸಂಚಿಕೆಗಳನ್ನು ಕಾಪಾಡುವುದು ಇವೆಲ್ಲ ಕೆಲಸವೇ. ಕರಡಚ್ಚು ತಿದ್ದಿ ಬಲ್ಲವನಾಗಿ ನಾನು ಅದನ್ನು ಹಗುರವಾಗಿ ಕಾಣಲಾರೆ. ಪ್ರಶ್ನೆ ಇರುವುದು ಕೂಲಿಯ ಬಗ್ಗೆ ಅಲ್ಲ, ಬೇಲಿಯ ಬಗ್ಗೆ.

ಹಿಂದಿನಿಂದಲೂ ಹೀಗಿರಲಿಲ್ಲ. 1665ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು, ಲಂಡನ್ನಿನಲ್ಲಿ ಒಂದು, ಹೀಗೆ ಯೂರೋಪಿನ ಮೊದಲ ಎರಡು ವಿದ್ವತ್ ಪತ್ರಿಕೆಗಳು ಹುಟ್ಟಿದುವು. ಲಂಡನ್ನಿನದು ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡೆನ್‌ಬರ್ಗ್ ನಡೆಸಿದ ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್. ವಿದ್ವಾಂಸರು ಪರಸ್ಪರ ಬರೆದುಕೊಳ್ಳುತ್ತಿದ್ದ ಕಾಗದಗಳನ್ನು ಎಲ್ಲರೂ ಓದುವಂತಾಗಲಿ ಎಂದು ಅಚ್ಚು ಹಾಕಿದ್ದು ಅದು. ಬಹುಕಾಲ ಇಂಥ ಪತ್ರಿಕೆಗಳನ್ನು ನಡೆಸುತ್ತಿದ್ದವರಲ್ಲಿ ವಿದ್ವತ್ ಸಂಘಗಳೇ ಮುಖ್ಯ. ಎರಡನೆಯ ಮಹಾಯುದ್ಧದ ಮೇಲೆ ವಿಜ್ಞಾನಕ್ಕೆ ಸರ್ಕಾರಗಳು ಹಣ ಸುರಿಯತೊಡಗಿದಾಗ ವ್ಯಾಪಾರದ ಕಣ್ಣು ಇತ್ತ ತಿರುಗಿತು. ಪೆರ್ಗಮನ್ ಪ್ರೆಸ್ಸಿನ ರಾಬರ್ಟ್ ಮ್ಯಾಕ್ಸ್‌ವೆಲ್ ಈ ವ್ಯಾಪಾರದ ಮರ್ಮವನ್ನು ಬೇಗ ಅರಿತವರಲ್ಲಿ ಒಬ್ಬ. ಅಕ್ಕಿ ಒಂದು ಅಂಗಡಿಯಲ್ಲಿ ತುಟ್ಟಿಯಾದರೆ ಇನ್ನೊಂದರಲ್ಲಿ ಕೊಳ್ಳಬಹುದು; ಒಂದು ಲೇಖನ ಒಂದೇ ಪತ್ರಿಕೆಯಲ್ಲಿರುತ್ತದೆ, ಅದಕ್ಕೆ ಬದಲಿ ಇಲ್ಲ. 1991ರಲ್ಲಿ ಪೆರ್ಗಮನ್ ಎಲ್ಸೆವಿಯರ್ ಸಂಸ್ಥೆಯ ಪಾಲಾಯಿತು. 2012ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯ ಸಲಹಾ ಸಮಿತಿಯೇ ಪತ್ರಿಕೆಗಳ ಚಂದಾ ಹೀಗೆ ಏರಿದರೆ ನಿಭಾಯಿಸಲಾಗದು ಎಂದು ತನ್ನ ಅಧ್ಯಾಪಕರಿಗೆ ತಿಳಿಸಿತು. ಹಾರ್ವರ್ಡಿನ ಪಾಡೇ ಅದಾದರೆ ತಾಲ್ಲೂಕು ಕಾಲೇಜಿನ ಪಾಡು ಬೇರೆ ಹೇಳಬೇಕೆ?

ವಿದ್ಯೆಯನ್ನು ಹಂಚುವ ವಿಷಯದಲ್ಲಿ ಕನ್ನಡಿಗರಿಗೆ ಥಟ್ಟನೆ ನೆನಪಾಗುವವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಆಕೆಯ ಕೀರ್ತಿ. ಅಚ್ಚಿನ ಮೊಳೆ ಇಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಓಲೆಗರಿ, ಎಷ್ಟು ಕಂಠ, ಎಷ್ಟು ಬೆರಳು! ಜೈನರು ಹೇಳುವ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಹಸಿದವನಿಗೆ ಅನ್ನ, ಹೆದರಿದವನಿಗೆ ಅಭಯ, ರೋಗಿಗೆ ಮದ್ದು ಕೊಡುವ ಸಾಲಿನಲ್ಲಿಯೇ ಪುಸ್ತಕ ಕೊಡುವುದನ್ನೂ ಇಟ್ಟವರು ಅದು ಅಲಂಕಾರವಲ್ಲ, ಅಗತ್ಯ ಎಂದು ತಿಳಿದಿರಬೇಕು.

ಆದರೆ ನಮ್ಮ ಪರಂಪರೆಯಲ್ಲಿ ಅತ್ತಿಮಬ್ಬೆ ಮಾತ್ರ ಇದ್ದಳು ಎಂದು ಬೀಗುವುದು ಸರಿಯಲ್ಲ. ಬೀಗವೂ ಇತ್ತು. ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳ ಕಥೆ ಬಲ್ಲವರಿಗೆ ಇದು ಗೊತ್ತು. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮ, ಅದರ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಜೊತೆಗೆ ಜಯಧವಲಾ ಮತ್ತು ಮಹಾಧವಲಾ, ಇವು ದಿಗಂಬರ ಜೈನರಿಗೆ ಮೂಲಾಗಮಕ್ಕೆ ಸಮಾನ. ಪ್ರಾಕೃತ ಸಂಸ್ಕೃತಗಳ ಈ ಗ್ರಂಥಗಳು ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ ಮೂಡಬಿದಿರೆಯಲ್ಲಿ ಮಾತ್ರ ಉಳಿದುಬಂದಿದ್ದುವು. ಭಕ್ತರು ದೂರದೂರದಿಂದ ಬಂದು ಅವುಗಳ ದರ್ಶನ ಮಾಡುತ್ತಿದ್ದರು. ದರ್ಶನ ಮಾತ್ರ; ಓದುವ ರೂಢಿ ಇರಲಿಲ್ಲ, ಓದಬಲ್ಲವರೂ ವಿರಳ. ಗ್ರಂಥ ವಿಗ್ರಹವಾಗಿತ್ತು. ಗರಿಗಳು ಮುರಿಯುತ್ತಿವೆಯೆಂದು ಕಳವಳಪಟ್ಟ ಮುಂಬಯಿ, ಸೊಲ್ಲಾಪುರ ಕಡೆಯ ಶ್ರೀಮಂತ ಶ್ರಾವಕರ ಪ್ರಯತ್ನದಿಂದ 19ನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಷರತ್ತು ಒಂದೇ: ಪ್ರತಿ ಮೂಡಬಿದಿರೆಯನ್ನು ಬಿಟ್ಟು ಹೋಗಕೂಡದು.

ಬರೆಯಲು ನೇಮಕವಾದವರಲ್ಲಿ ಗಜಪತಿ ಉಪಾಧ್ಯಾಯರೆಂಬವರು ಒಬ್ಬರು. ಅವರು ಹಗಲು ಬಸದಿಯವರಿಗಾಗಿ ಬರೆದರು. ಜೊತೆಗೆ ಗುಟ್ಟಾಗಿ, ಪತ್ನಿಯ ನೆರವಿನಿಂದ, ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನೂ ಮಾಡಿದರು. ಆ ಪ್ರತಿ ಉತ್ತರದ ಸಹಾರನ್‌ಪುರವನ್ನು ಸೇರಿತು. ಪುಕ್ಕಟೆಯಾಗಿ ಅಲ್ಲ, ಹಣ ಪಡೆದೇ ಕೊಟ್ಟರು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಲಿಪಿಕಾರರೂ ತಮಗಾಗಿ ಒಂದು ಪ್ರತಿ ಉಳಿಸಿಕೊಂಡರಂತೆ. ಅದರಿಂದ ಪ್ರತಿ, ಪ್ರತಿಯಿಂದ ಪ್ರತಿ ಹುಟ್ಟಿ ಗ್ರಂಥ ಊರೂರು ತಿರುಗಿತು. ಅಮರಾವತಿಯಲ್ಲಿ ಅಧ್ಯಾಪಕರಾಗಿದ್ದ ಹೀರಾಲಾಲ ಜೈನರು ಇಂಥ ಪ್ರತಿಗಳ ಆಧಾರದ ಮೇಲೆ 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಅಚ್ಚುಹಾಕಿಸಿದರು. ಒಟ್ಟು 16 ಸಂಪುಟಗಳಾದುವು. ನಮ್ಮ ಬೆಳಗಾವಿ ಸೀಮೆಯ ಸದಲಗೆಯ ಆ. ನೇ. ಉಪಾಧ್ಯೆಯವರು ಆ ಕಾರ್ಯದಲ್ಲಿ ಅವರಿಗೆ ಹೆಗಲು ಕೊಟ್ಟರು. ಮೊದಲು ಮೂಲ ಓಲೆಗಳನ್ನು ಹೋಲಿಸಿ ನೋಡುವ ಅವಕಾಶವೂ ಸಂಪಾದಕರಿಗೆ ಇರಲಿಲ್ಲ. ಅಚ್ಚಾದುದನ್ನು ಕಂಡ ಮೇಲೆ ಮೂಡಬಿದಿರೆಯವರೇ ಮನಸ್ಸು ಮಾಡಿ ಪಾಠಾಂತರಗಳನ್ನು ನೋಡಲು ನೆರವಾದರು. ಬಾಗಿಲು ಒಡೆದುಹೋದ ಮೇಲೆ ಬಾಗಿಲು ತೆರೆಯಿತು ಎನ್ನಬಹುದು.

ಗಜಪತಿ ಉಪಾಧ್ಯಾಯರು ಮಾಡಿದ್ದು ಸರಿಯೆ? ತರಗತಿಯಲ್ಲಿ ಈ ಪ್ರಶ್ನೆಯನ್ನು ಹಲವು ವರ್ಷ ಕೇಳಿದ್ದೇನೆ, ಹುಡುಗರು ಎರಡು ಬಣವಾಗಿ ಜಗಳವಾಡಿದ್ದಾರೆ. ಅವರು ಮಾತಿಗೆ ತಪ್ಪಿದರು, ಹಣಕ್ಕೂ ಆಸೆಪಟ್ಟರು. ಅವರಿಲ್ಲದಿದ್ದರೆ ಗ್ರಂಥ ಅಚ್ಚು ಕಾಣಲು ಇನ್ನೆಷ್ಟು ತಲೆಮಾರು ಬೇಕಾಗುತ್ತಿತ್ತೋ. ಬಸದಿಯವರನ್ನು ಜರೆಯುವುದಕ್ಕೂ ನನಗೆ ಬಾಯಿಲ್ಲ. ಅವರು ಬಚ್ಚಿಟ್ಟದ್ದರಿಂದಲೇ ಅಷ್ಟು ಶತಮಾನ ಅದು ಉಳಿಯಿತು. ಈ ಕಾಲದಲ್ಲಿ ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಕ್ಯಾನ್ ಎಂಬ ತರುಣಿ 2011ರಲ್ಲಿ ಸೈ-ಹಬ್ ಎಂಬ ತಾಣವನ್ನು ಕಟ್ಟಿ, ಬೇಲಿಯೊಳಗಿನ ಲಕ್ಷಾಂತರ ಲೇಖನಗಳನ್ನು ಯಾರು ಬೇಕಾದರೂ ಓದುವಂತೆ ಮಾಡಿದಾಗ ನನಗೆ ಮೂಡಬಿದಿರೆಯೇ ನೆನಪಾಯಿತು. ಮೂರು ಪ್ರಕಾಶನ ಸಂಸ್ಥೆಗಳು 2020ರ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಆಕೆಯ ಮೇಲೆ ದಾವೆ ಹೂಡಿದುವು. 2025ರ ಆಗಸ್ಟಿನಲ್ಲಿ ಆ ತಾಣವನ್ನು ನಮ್ಮ ದೇಶದಲ್ಲಿ ತಡೆಹಿಡಿಯಬೇಕೆಂದು ಆದೇಶವಾಯಿತು. ಕಾನೂನಿನ ಕಣ್ಣಿಗೆ ಅದು ಕಳವು. ನಾನು ಕಾನೂನಿಗೆ ಅಂಜುವವನು, ಅದನ್ನು ಸಮರ್ಥಿಸಲಾರೆ. ಆದರೆ ಎಲ್ಲಿ ಜನ ಹಿಂಬಾಗಿಲಿನಲ್ಲಿ ಸಾಲುಗಟ್ಟುತ್ತಾರೋ ಅಲ್ಲಿ ಮುಂಬಾಗಿಲನ್ನು ಒಮ್ಮೆ ಪರೀಕ್ಷಿಸುವುದು ಮನೆಯವರ ಕೆಲಸ.

ಮುಂಬಾಗಿಲನ್ನೇ ತೆರೆಯಲು ಯತ್ನಿಸಿದವರೂ ಇದ್ದಾರೆ. 1991ರಲ್ಲಿ ಪಾಲ್ ಗಿನ್‌ಸ್ಪಾರ್ಗ್ ಎಂಬ ಭೌತವಿಜ್ಞಾನಿ, ಅಚ್ಚಿಗೆ ಹೋಗುವ ಮುನ್ನವೇ ಲೇಖನಗಳನ್ನು ಗಣಕಯಂತ್ರದ ಮೂಲಕ ಎಲ್ಲರಿಗೂ ದೊರಕಿಸುವ ಸಂಗ್ರಹವೊಂದನ್ನು ಆರಂಭಿಸಿದರು; ಅದು ಇಂದಿಗೂ ನಡೆಯುತ್ತಿದೆ. 2002ರ ಫೆಬ್ರವರಿಯಲ್ಲಿ ಬುಡಾಪೆಸ್ಟಿನ ಹೆಸರಿನಲ್ಲಿ ಒಂದು ಘೋಷಣೆ ಹೊರಟಿತು: ವಿದ್ವಾಂಸರು ಹಣದ ಆಸೆಯಿಲ್ಲದೆ ಬರೆದದ್ದು ಓದುಗರಿಗೂ ಹಣವಿಲ್ಲದೆ ದೊರೆಯಲಿ ಎಂಬುದು ಅದರ ತಿರುಳು. ಮುಕ್ತ ಲಭ್ಯತೆ ಎಂದು ನಾವು ಕರೆಯಬಹುದಾದ ಚಳವಳಿಗೆ ಹೆಸರು ಬಂದದ್ದು ಅಲ್ಲಿಂದ. ನಮ್ಮ ಬೆಂಗಳೂರು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 1932ರಲ್ಲಿ ಇಲ್ಲಿಯೇ ಹುಟ್ಟಿದ ಕರೆಂಟ್ ಸೈನ್ಸ್ ಪತ್ರಿಕೆಯನ್ನೂ, 1934ರಲ್ಲಿ ಸಿ. ವಿ. ರಾಮನ್ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನೂ ಅವುಗಳ ತಾಣಗಳಲ್ಲಿ ಯಾರೂ ಓದಬಹುದು. ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಸಂಗ್ರಹದಲ್ಲಿ ಸಿಗುತ್ತವೆ. ಕನ್ನಡದ ಪ್ರಬಂಧಗಳೂ ಅಲ್ಲಿವೆ. ಅವುಗಳಲ್ಲಿ ಕೆಲವನ್ನು ಓದಿದ ಮೇಲೆ, ಎಲ್ಲವೂ ಬೆಳಕಿಗೆ ಬರಬೇಕೆಂಬ ನನ್ನ ಹಟ ಕೊಂಚ ಸಡಿಲವಾಯಿತೆಂಬುದನ್ನೂ ಹೇಳಿಬಿಡಬೇಕು.

ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಂದು ದೊಡ್ಡ ಯೋಜನೆಯನ್ನು ಒಪ್ಪಿತು. ಒಂದು ರಾಷ್ಟ್ರ, ಒಂದು ಚಂದಾ ಎಂದು ಅದರ ಹೆಸರು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು 6,300ಕ್ಕೂ ಹೆಚ್ಚು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ, ಸಂಶೋಧನ ಸಂಸ್ಥೆಗಳಿಗೆ ದೊರೆಯಬೇಕು ಎಂಬುದು ಉದ್ದೇಶ. 2025ರ ಜನವರಿಯಿಂದ ಜಾರಿಗೆ ಬಂದಿದೆ. ಹಿಂದುಳಿದ ಜಿಲ್ಲೆಯ ಸರ್ಕಾರಿ ಕಾಲೇಜಿನ ಹುಡುಗಿಯೊಬ್ಬಳು ಇಂದು ದೆಹಲಿಯವರು ಓದುವುದನ್ನೇ ಓದಬಲ್ಲಳು. ಇದು ಸಣ್ಣ ಮಾತಲ್ಲ. ಆದರೆ ಇದು ಬೇಲಿ ಕಿತ್ತ ಹಾಗಲ್ಲ, ಒಳಗೆ ಬಿಡುವವರ ಪಟ್ಟಿಯನ್ನು ಉದ್ದಮಾಡಿದ ಹಾಗೆ. ಪ್ರೌಢಶಾಲೆಯ ಅಧ್ಯಾಪಕರು ಆ ಪಟ್ಟಿಯಲ್ಲಿಲ್ಲ. ನಿವೃತ್ತರಿಲ್ಲ. ಊರ ಇತಿಹಾಸ ಬರೆಯುವ ವಕೀಲರು, ಅಂಚೆ ಮಾಸ್ತರರು ಇಲ್ಲ. ಕನ್ನಡ ಸಂಶೋಧನೆಯ ಚರಿತ್ರೆಯನ್ನು ಬಲ್ಲವರು ಹೇಳಲಿ, ಇಂಥವರನ್ನು ಹೊರಗಿಟ್ಟರೆ ಅದರಲ್ಲಿ ಎಷ್ಟು ಪುಟ ಉಳಿದೀತು?

ಬೇರೆ ಕಡೆ ಇನ್ನೊಂದು ಉಪಾಯ ಹೂಡಿದ್ದಾರೆ. ಓದುಗರಿಂದ ಹಣ ಬೇಡ, ಬರೆಯುವವರೇ ಕೊಡಲಿ ಎಂದು. ನೇಚರ್ ಪತ್ರಿಕೆಯಲ್ಲಿ ಲೇಖನ ಎಲ್ಲರಿಗೂ ತೆರೆದಿರಬೇಕಾದರೆ 9,500 ಯೂರೋ ಕೊಡಬೇಕೆಂದು 2020ರಲ್ಲಿ ಪ್ರಕಟಿಸಿದರು. ಅಂದಿನ ಲೆಕ್ಕಕ್ಕೆ ಎಂಟು ಲಕ್ಷ ರೂಪಾಯಿಗೂ ಮೇಲೆ. ನಿಸಿದಿಗಲ್ಲಿನ ಮೇಲೆ ಬರೆಯುವವನು ಅಷ್ಟು ಹಣ ಎಲ್ಲಿಂದ ತರಬೇಕು? ಓದುವ ಬಾಗಿಲು ತೆರೆದು ಬರೆಯುವ ಬಾಗಿಲು ಮುಚ್ಚಿದರೆ ಗಾಳಿ ಆಡೀತೆ?

ಇಷ್ಟು ಹೊತ್ತು ಅವರಿವರನ್ನು ಆಡಿಕೊಂಡದ್ದಾಯಿತು. ಕನ್ನಡದ ವಿದ್ವತ್ ಪತ್ರಿಕೆಗಳ ವಿಷಯ ಏನು? ಪ್ರಬುದ್ಧ ಕರ್ಣಾಟಕ, ಪರಿಷತ್ಪತ್ರಿಕೆ, ಕರ್ನಾಟಕ ಭಾರತಿ ಇವುಗಳಿಗೆ ಯಾರೂ ಮೂರು ಸಾವಿರದ ಬೇಲಿ ಕಟ್ಟಿಲ್ಲ. ಕಟ್ಟಬೇಕಾದ ಪ್ರಮೇಯವೂ ಬಂದಿಲ್ಲ. ಹಳೆಯ ಸಂಚಿಕೆಯೊಂದು ಬೇಕಾದರೆ ಅದು ಎಲ್ಲಿದೆ ಎಂದು ಬಲ್ಲವರೊಬ್ಬರು ಬೇಕು, ಕಪಾಟಿನ ಬೀಗದ ಕೈ ಇರುವವರು ಅಂದು ರಜೆ ಹಾಕಿರಬಾರದು, ಬೇಕಾದ ಪುಟವನ್ನು ಬೆಳ್ಳಿಮೀನು ಬಿಟ್ಟಿರಬೇಕು. ಹೊರದೇಶದವರದು ದುಡ್ಡಿನ ಬೀಗ, ನಮ್ಮದು ಧೂಳಿನ ಬೀಗ. ದುಡ್ಡಿನ ಬೀಗದ ಹಿಂದೆ ವಸ್ತು ಭದ್ರವಾಗಿಯಾದರೂ ಇರುತ್ತದೆ. ರೈಸ್ ಸಾಹೇಬರು 1886ರಿಂದ ಹೊರತಂದ ಶಾಸನ ಸಂಪುಟಗಳನ್ನೂ ಇಂಡಿಯನ್ ಆಂಟಿಕ್ವರಿಯ ಹಳೆಯ ಸಂಚಿಕೆಗಳನ್ನೂ ಇಂದು ನಾನು ಮನೆಯಲ್ಲಿ ಕುಳಿತು ಪುಕ್ಕಟೆಯಾಗಿ ಓದುತ್ತೇನೆ. ಮೂವತ್ತು ವರ್ಷದ ಹಿಂದಿನ ಒಂದು ಕನ್ನಡ ಲೇಖನಕ್ಕಾಗಿ ಬಸ್ಸು ಹಿಡಿಯುತ್ತೇನೆ.

ನನ್ನ ತಪ್ಪೂ ಇದರಲ್ಲಿ ಸೇರಿದೆ. ಕಾಲೇಜಿನ ಕನ್ನಡ ಸಂಘದಿಂದ ಹನ್ನೊಂದು ವರ್ಷ ಒಂದು ಸಂಶೋಧನ ವಾರ್ಷಿಕವನ್ನು ನಾನೇ ಸಂಪಾದಿಸಿದ್ದೆ. ಮುನ್ನೂರು ಪ್ರತಿ ಅಚ್ಚು, ನೂರು ಹಂಚಿಕೆ, ಉಳಿದದ್ದು ಕಬ್ಬಿಣದ ಬೀರು. ಮುಂದೆಂದಾದರೂ ಬೇಕಾದೀತು ಎಂದು ಬೀರುವಿಗೆ ಬೀಗ ಹಾಕಿ, ಕೈಯನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೆ. ಮೂಡಬಿದಿರೆಯವರನ್ನು ಜರೆಯಲು ಬಾಯಿಲ್ಲ ಎಂದೆನಲ್ಲ, ಅದಕ್ಕೆ ಇದೂ ಒಂದು ಕಾರಣ. ನಿವೃತ್ತನಾಗುವ ವಾರ ಬೀರು ತೆಗೆದಾಗ ಕೆಳಗಿನ ಎರಡು ಅರೆ ಪುಡಿಯಾಗಿತ್ತು. ಉಳಿದವನ್ನು ಈಗ ಇಬ್ಬರು ಯುವಕರು ಒಂದೊಂದೇ ಪುಟ ಚಿತ್ರ ತೆಗೆದು ಅಂತರಜಾಲಕ್ಕೆ ಏರಿಸುತ್ತಿದ್ದಾರೆ. ಬರೆದವರ ಒಪ್ಪಿಗೆ ಕೇಳಿ ನಾನು ಕಾಗದ ಬರೆಯುತ್ತಿದ್ದೇನೆ. ಕೆಲವು ಕಾಗದಗಳಿಗೆ ಅವರ ಮಕ್ಕಳು ಉತ್ತರ ಕೊಡುತ್ತಾರೆ.

ಇನ್ನು ಆ ಕಲ್ಲು. ಸಂಕೋಚ ಬಿಟ್ಟು, ವಿಶ್ವವಿದ್ಯಾಲಯವೊಂದರಲ್ಲಿರುವ ಕಿರಿಯ ಮಿತ್ರರೊಬ್ಬರನ್ನು ಕೇಳಿಕೊಂಡೆ. ಅವರು ಪ್ರವಾಸದಲ್ಲಿದ್ದರು, ಹಿಂದಿರುಗಿ, ತಮ್ಮ ಹೆಸರಿನಲ್ಲಿ ಬಾಗಿಲು ತೆರೆದು, ನನ್ನ ಲೇಖನವನ್ನು ನನಗೆ ಕಳಿಸಿದ್ದು ಐದನೆಯ ದಿನ. ಯಂತ್ರ ನಾಲ್ಕನೆಯ ದಿನವೇ ಬಂದುಬಿಟ್ಟಿತ್ತು. ಅಧ್ಯಾಪಕರು ಹುಡುಗರೊಂದಿಗೆ ಓಡಿಹೋಗಿ ತಡೆಯುವಷ್ಟರಲ್ಲಿ ಕಲ್ಲಿನ ಬುಡ ಮುರಿದಿತ್ತು. ಮೇಲಿನ ಹನ್ನೊಂದು ಸಾಲು ಈಗ ಶಾಲೆಯ ಅಂಗಳದಲ್ಲಿದೆ. ಕೊನೆಯ ಮೂರು ಸಾಲು ಏರಿಯ ಜಲ್ಲಿಯಲ್ಲಿ ಸೇರಿತು, ಹುಡುಕಿದರು, ಸಿಗಲಿಲ್ಲ. ಆ ಹೆಣ್ಣುಮಗಳ ಹೆಸರು ಈ ಭೂಮಿಯ ಮೇಲೆ ಉಳಿದಿರುವುದು, ಮೂರು ಸಾವಿರ ರೂಪಾಯಿ ಕೊಟ್ಟರೆ ತೆರೆಯುವ ಆ ಪುಟದಲ್ಲಿ.

ಪುಟವನ್ನು ಅಧ್ಯಾಪಕರಿಗೆ ಕಳಿಸಿದೆ. ಕರಾರುಪತ್ರದ ಪ್ರಕಾರ ಕಳಿಸಬಹುದೋ ಬಾರದೋ ವಕೀಲರನ್ನು ಕೇಳಲಿಲ್ಲ. ಪಡೆದವರು ಮತ್ತೆ ದೂರವಾಣಿಯಲ್ಲಿ ಕೇಳಿದರು, "ಸರ್, ಇದರಲ್ಲಿ ಶಾಸನವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದಾರಲ್ಲ, ಮೇಲೆ ಕೆಳಗೆ ಚುಕ್ಕೆ ಗೆರೆ." ಹೌದು, ಆ ಪತ್ರಿಕೆಯಲ್ಲಿ ಕನ್ನಡದ ಅಚ್ಚುಮೊಳೆ ಇರಲಿಲ್ಲ, ರೋಮನ್ ಲಿಪಿಯಲ್ಲಿ ಕೊಡಬೇಕಾಗಿತ್ತು. ಇಬ್ಬರೂ ಕುಳಿತು, ಅವರು ಆ ಕಡೆ ನಾನು ಈ ಕಡೆ, ಒಂದು ಸಂಜೆ ಅದನ್ನು ಮತ್ತೆ ಕನ್ನಡಕ್ಕೆ ಇಳಿಸಿದೆವು. ಮುರಿದ ಕಲ್ಲಿನ ಪಕ್ಕದಲ್ಲಿ ತಗಡಿನ ಫಲಕವೊಂದನ್ನು ನಿಲ್ಲಿಸಿ ಹದಿನಾಲ್ಕು ಸಾಲುಗಳನ್ನೂ ಬರೆಯಿಸಿದ್ದಾರೆ. ಚಿತ್ರ ಕಳಿಸಿದ್ದರು. ಎರಡು ಕಡೆ ೞ ಇರಬೇಕಾದಲ್ಲಿ ಳ ಬಂದಿದೆ. ಹೇಳಿದಾಗ, "ಬೋರ್ಡು ಬರೆಯುವವನು ಆ ಅಕ್ಷರ ನಾನು ನೋಡೇ ಇಲ್ಲ ಅಂತಾನೆ ಸರ್, ತಾವೇ ಬಂದು ಬರೆದು ತೋರಿಸಬೇಕು" ಎಂದರು. ಬರುವ ಭಾನುವಾರ ಹೋಗುತ್ತಿದ್ದೇನೆ. ಆ ತಾಯಿ ಈಗಿಲ್ಲ. ಅವರ ಮಗ ಬಸ್ಸಿನ ನಿಲ್ದಾಣಕ್ಕೆ ಬರುತ್ತೇನೆಂದು ತಿಳಿಸಿದ್ದಾರೆ.